ಹಿತ್ತಿಲಿನ ಎರೆಗೊಬ್ಬರ

‘ಎರೆಹುಳು ರೈತನ ಮಿತ್ರ’ ಎಂಬ ಮಾತನ್ನು ನಾವು ಎಳೆಯ ತರಗತಿಗಳಿಂದಲೂ ಕೇಳುತ್ತ ಬಂದಿದ್ದೇವೆ. ಪರೀಕ್ಷೆಗಳಲ್ಲಿ ಬರೆದು ಅಂಕಗಳನ್ನೂ ಪಡೆದಿದ್ದೇವೆ. ಆದರೆ ಮಿತ್ರನೆಂದು ಹೊಗಳಿದ ಈ ಜೀವಿಗೆ ತಮ್ಮ ಹಿತ್ತಿಲಿನಲ್ಲಿ ಒಂದು ಮೂಲೆಯನ್ನಾದರೂ ಬಿಟ್ಟುಕೊಟ್ಟವರು ನಮ್ಮಲ್ಲಿ ಎಷ್ಟು ಮಂದಿ? ಬಾಯಿಮಾತಿನ ಸ್ನೇಹದಿಂದ ನೆಲಕ್ಕೆ ಯಾವ ಪ್ರಯೋಜನವೂ ಇಲ್ಲ. ಮನೆಯಲ್ಲಿ ದೊರೆಯುವ ಒಡಕು ಸಾಮಾನುಗಳಿಂದಲೇ ಎರೆಗೊಬ್ಬರವನ್ನು ತಯಾರಿಸಲು ಸಾಧ್ಯವಿರುವಾಗ, ಒಕ್ಕಲುತನವನ್ನು ನಂಬಿದ ಪ್ರತಿಯೊಂದು ಮನೆಯೂ ಅದನ್ನು ಕೈಗೊಳ್ಳಬೇಕು. ಆ ಕಾರ್ಯಕ್ಕೆ ಮೊದಲು ಕೈಹಾಕಬೇಕಾದವರು ವಿದ್ಯಾರ್ಥಿಗಳು.

ಇದರ ಅಗತ್ಯವನ್ನು ಅರಿಯಲು ಕೊಪ್ಪಳ ಜಿಲ್ಲೆಯನ್ನು ಒಮ್ಮೆ ನೋಡಬಹುದು. ಹಿಂದೆ ರಾಯಚೂರು ಜಿಲ್ಲೆಗೆ ಸೇರಿದ್ದ ಈ ಪ್ರದೇಶವು 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಕಾಲುವೆಗಳಿಗೆ ಹರಿಯತೊಡಗಿದ ಮೇಲೆ ಗಂಗಾವತಿ ಸೀಮೆಯ ನೆಲದ ಮುಖವೇ ಬದಲಾಯಿತು. ಎಡದಂಡೆ ಕಾಲುವೆಯ ನೀರಿನಿಂದ ಮರಳಿಯಂತಹ ಊರುಗಳ ಸುತ್ತಮುತ್ತ ಭತ್ತದ ಗದ್ದೆಗಳು ಹಬ್ಬಿದವು. ಇತ್ತ ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ರೈತರಲ್ಲಿ ಹೆಚ್ಚಿನವರು ಇಂದಿಗೂ ಮಳೆಯನ್ನೇ ನೆಚ್ಚಿ ಜೋಳ, ಸಜ್ಜೆ, ಶೇಂಗಾ ಬೆಳೆಯುತ್ತಾರೆ. ಒಂದು ಕಡೆ ನೀರಿನ ಸಮೃದ್ಧಿ, ಇನ್ನೊಂದು ಕಡೆ ನೀರಿನ ಕೊರತೆ. ಆದರೂ ಎರಡು ಕಡೆಯ ಮಣ್ಣೂ ಬೇಡುವುದು ಒಂದನ್ನೇ. ಅದು ಕೊಳೆತು ಹದಗೊಂಡ ಸಸ್ಯಾಂಶ.

ನೀರಾವರಿಯ ಗದ್ದೆಗೆ ಬೆಳೆಬೆಳೆಗೂ ರಾಸಾಯನಿಕ ಗೊಬ್ಬರ ಬೀಳುತ್ತದೆ. ನೀರು ನಿಂತು ಬಸಿದುಹೋಗದ ಕಡೆ ಭೂಮಿ ಸವಳಾಗುವುದೂ ಉಂಟು. ಒಣಭೂಮಿಯಲ್ಲಿ ಸಸ್ಯಾಂಶ ಕಡಿಮೆಯಾದಂತೆ ಮಳೆಯ ತೇವವನ್ನು ಹಿಡಿದಿಡುವ ಶಕ್ತಿಯೂ ಕುಗ್ಗುತ್ತದೆ. ಹೀಗಿರುವಾಗ ಕೊಯ್ಲಿನ ತರುವಾಯ ಗದ್ದೆಯಲ್ಲಿ ಉಳಿದ ಹುಲ್ಲಿಗೆ ಕೆಲವರು ಬೆಂಕಿ ಹಚ್ಚುತ್ತಾರೆ. ಆ ಬೆಂಕಿಯಲ್ಲಿ ಹುಲ್ಲಿನೊಳಗಿನ ಸಾರಜನಕದ ಬಹುಭಾಗವು ಹೊಗೆಯಾಗಿ ಹೋಗುತ್ತದೆ. ಗಾಳಿಗೆ ತೂರಿದ ಅದೇ ಸಾರಜನಕವನ್ನು ಮರುವರ್ಷ ಚೀಲದ ಲೆಕ್ಕದಲ್ಲಿ ಸಾಲಮಾಡಿ ಕೊಳ್ಳುವುದು ಎಂತಹ ವ್ಯವಹಾರ?

ಎರೆಹುಳುವಿನ ಹಿರಿಮೆ ಇಂದು ನಿನ್ನೆ ತಿಳಿದುಬಂದುದಲ್ಲ. ಜೀವವಿಕಾಸವಾದದಿಂದ ಜಗತ್ಪ್ರಸಿದ್ಧನಾದ ಚಾರ್ಲ್ಸ್ ಡಾರ್ವಿನ್ ಹಲವು ದಶಕಗಳ ಕಾಲ ಈ ಹುಳುಗಳನ್ನು ಕುತೂಹಲದಿಂದ ಗಮನಿಸಿ, 1881ರಲ್ಲಿ, ತಾನು ತೀರಿಕೊಳ್ಳುವ ಹಿಂದಿನ ವರ್ಷ, ಅವುಗಳ ಕಾರ್ಯವನ್ನೇ ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ಇಂಗ್ಲೆಂಡಿನ ಅನೇಕ ಕಡೆ ಒಂದು ಎಕರೆ ನೆಲದಲ್ಲಿ ವರ್ಷಕ್ಕೆ ಹತ್ತು ಟನ್ನಿಗೂ ಮಿಗಿಲಾದ ಮಣ್ಣು ಎರೆಹುಳುಗಳ ದೇಹದ ಮೂಲಕ ಹಾಯ್ದು ಮೇಲಕ್ಕೆ ಬರುತ್ತದೆಂದು ಅವನು ಲೆಕ್ಕಹಾಕಿದನು. ನಮ್ಮ ನಾಡಿನಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿ ಡಾ. ರಾಧಾ ಡಿ. ಕಾಳೆಯವರು, ಕಸವನ್ನು ತಿಂದು ಗೊಬ್ಬರ ಮಾಡುವ ಎರೆಹುಳುಗಳ ಬಗೆಗೆ ದೀರ್ಘಕಾಲ ಸಂಶೋಧನೆ ನಡೆಸಿದರು. ಪ್ರಯೋಗಶಾಲೆಯಲ್ಲಿ ದೊರೆತ ಆ ಅರಿವು ಹಿತ್ತಿಲನ್ನು ಮುಟ್ಟಿದಾಗಲೇ ಅದು ಸಾರ್ಥಕ.

ಹಿತ್ತಿಲಿನ ಗೊಬ್ಬರಕ್ಕೆ ಬೇಕಾದ ಪರಿಕರಗಳು ಅತ್ಯಲ್ಪ. ಬಾಯಿ ಮುಕ್ಕಾದ ಒಂದು ಹಳೆಯ ಹರವಿಯೇ ಸಾಕು. ಅದರ ತಳದಲ್ಲಿ ನಾಲ್ಕಾರು ಸಣ್ಣ ರಂಧ್ರಗಳನ್ನು ಮಾಡಿ, ಮೂರು ಕಲ್ಲುಗಳ ಮೇಲೆ ನೆರಳಿನಲ್ಲಿ ಇರಿಸಬೇಕು. ಒಳಗೆ ಮೊದಲು ಇಟ್ಟಿಗೆಯ ಚೂರುಗಳನ್ನೂ ಮರಳನ್ನೂ ನಾಲ್ಕು ಬೆರಳಿನಷ್ಟು ಹರಡಬೇಕು. ಹೆಚ್ಚಾದ ನೀರು ಬಸಿದುಹೋಗಲು ಇದು ದಾರಿ. ಅದರ ಮೇಲೆ ಒಂದು ಪದರ ಮಣ್ಣು, ಆಮೇಲೆ ನೆನೆಸಿದ ಹುಲ್ಲು ಮತ್ತು ಹದಿನೈದು ಇಪ್ಪತ್ತು ದಿನ ಆರಿದ ಸಗಣಿ. ಹಸಿ ಸಗಣಿಯು ಕೊಳೆಯುವಾಗ ಕಾವೇರಿ ಹುಳುಗಳನ್ನು ಕೊಲ್ಲುವುದರಿಂದ ಅದನ್ನು ಬಳಸಬಾರದು. ಇದಾದ ಮೇಲೆ ಒಂದು ಹಿಡಿ ಎರೆಹುಳುಗಳನ್ನು ಬಿಡಬೇಕು. ನೆಲದಾಳದಲ್ಲಿ ಬಿಲ ತೋಡಿ ಮಣ್ಣನ್ನು ತಿನ್ನುವ ಹುಳುಗಳು ಈ ಕೆಲಸಕ್ಕೆ ಒದಗುವುದಿಲ್ಲ. ಹಳೆಯ ತಿಪ್ಪೆಯ ಅಂಚಿನ ತೇವದಲ್ಲಿ, ಕೊಳೆತ ಎಲೆಗಳ ನಡುವೆ ಬದುಕುವ ಜಾತಿಯವೇ ಬೇಕು. ಈಗಾಗಲೇ ಎರೆಗೊಬ್ಬರ ಮಾಡುತ್ತಿರುವ ರೈತರಿಂದಲೂ ಇವನ್ನು ಪಡೆಯಬಹುದು.

ಮುಂದಿನ ಕೆಲಸ ದಿನಕ್ಕೆ ಐದು ನಿಮಿಷದ್ದು. ಕಾಯಿಪಲ್ಲೆಯ ಸಿಪ್ಪೆ, ಒಣಗಿದ ಎಲೆ, ದನ ತಿಂದು ಬಿಟ್ಟ ಮೇವಿನ ಕಸ ಇವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಉಪ್ಪು, ಖಾರ, ಎಣ್ಣೆ ಬೆರೆತ ಅಡಿಗೆ, ನಿಂಬೆಯ ಸಿಪ್ಪೆ, ಮಾಂಸದ ತುಣುಕು ಇವನ್ನು ಹಾಕಬಾರದು. ಪ್ಲಾಸ್ಟಿಕ್ ಚೂರಂತೂ ಒಳಗೆ ಬೀಳಲೇಕೂಡದು. ಹಿಂಡಿದ ಬಟ್ಟೆಯಲ್ಲಿ ಉಳಿಯುವಷ್ಟು ತೇವವಿದ್ದರೆ ಸಾಕು. ಬಾಯಿಗೆ ಒದ್ದೆ ಗೋಣಿಚೀಲವನ್ನು ಹೊದಿಸಬೇಕು. ಕೊಪ್ಪಳ ಸೀಮೆಯ ಬೇಸಿಗೆಯಲ್ಲಿ ಉಷ್ಣತೆಯು 40 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಹುಳುಗಳಿಗಾದರೋ 30 ಡಿಗ್ರಿಯೊಳಗಿನ ತಂಪು ಹಿತಕರ. ಕುಡಿಯುವ ನೀರನ್ನು ತಣ್ಣಗಿಡುವ ಮಣ್ಣಿನ ಹರವಿಯು ಇಲ್ಲಿಯೂ ಅದೇ ಗುಣದಿಂದ ಉಪಕರಿಸುತ್ತದೆ. ಅದರ ಮೈಯಿಂದ ನೀರು ಆವಿಯಾಗುತ್ತ ಒಳಗಿನ ಕಾವನ್ನು ಇಳಿಸುತ್ತದೆ. ಎರಡು ಮೂರು ತಿಂಗಳಲ್ಲಿ ಒಳಗಿನ ಕಸವು ಚಹದ ಪುಡಿಯಂತೆ ಕಪ್ಪಗೆ, ಹುಡಿಹುಡಿಯಾಗಿ ಮಾರ್ಪಡುತ್ತದೆ. ಆಗ ಕೆಲವು ದಿನ ನೀರು ನಿಲ್ಲಿಸಿ ಬಾಯಿ ತೆರೆದಿಟ್ಟರೆ ಹುಳುಗಳು ಬೆಳಕಿಗೆ ಅಂಜಿ ಕೆಳಗಿಳಿಯುತ್ತವೆ. ಮೇಲಿನ ಗೊಬ್ಬರವನ್ನು ಮೆಲ್ಲಗೆ ಬಳಿದು ತೆಗೆಯಬಹುದು. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯುವುದನ್ನು ಮರೆಯಬಾರದು.

ಇದನ್ನು ಕೇಳಿ ಕೆಲವರು ಆಕ್ಷೇಪಿಸಬಹುದು: ‘ಒಂದು ಹರವಿಯ ಗೊಬ್ಬರ ಯಾವ ಹೊಲಕ್ಕೆ ಸಾಲುತ್ತದೆ? ನೂರು ಕಿಲೋ ಯೂರಿಯಾದಲ್ಲಿ 46 ಕಿಲೋ ಸಾರಜನಕವಿದೆ. ಅಷ್ಟೇ ಎರೆಗೊಬ್ಬರದಲ್ಲಿ ಇರುವುದು ಒಂದೆರಡು ಕಿಲೋ ಮಾತ್ರ.’ ಈ ಲೆಕ್ಕ ಸುಳ್ಳಲ್ಲ. ಹೊಲಕ್ಕೆ ಟನ್ನುಗಟ್ಟಲೆ ಗೊಬ್ಬರ ಬೇಕು. ಹರವಿಯಿಂದ ದೊರೆಯುವುದು ಕೆಲವೇ ಕಿಲೋ. ಆದರೆ ಲೆಕ್ಕವು ಇಲ್ಲಿಗೆ ಮುಗಿಯುವುದಿಲ್ಲ. ಯೂರಿಯಾ ಬೆಳೆಗೆ ಆಹಾರವನ್ನು ಕೊಡುತ್ತದೆಯೇ ಹೊರತು ಮಣ್ಣಿಗೆ ಸಸ್ಯಾಂಶವನ್ನು ಕೊಡುವುದಿಲ್ಲ. ಎರೆಗೊಬ್ಬರವು ಮಣ್ಣನ್ನು ಸಡಿಲಗೊಳಿಸಿ, ತೇವವನ್ನು ಹಿಡಿದಿಟ್ಟು, ಕಣ್ಣಿಗೆ ಕಾಣದ ಅಸಂಖ್ಯ ಜೀವಾಣುಗಳಿಗೆ ಆಶ್ರಯವಾಗುತ್ತದೆ. ಹರವಿಯ ಗೊಬ್ಬರವು ಹಿತ್ತಿಲಿನ ಬದನೆ, ಮೆಣಸಿನ ಗಿಡಗಳಿಗೂ ಸಸಿಮಡಿಗೂ ಸಾಕಾಗುತ್ತದೆ. ಅದಕ್ಕಿಂತ ಮುಖ್ಯವಾಗಿ ತೇವ, ಕಾವು, ಕೊಳೆತದ ಹದ ಇವುಗಳನ್ನು ಅದು ಕೈಗೆ ಕಲಿಸುತ್ತದೆ. ಹರವಿಯಲ್ಲಿ ಹುಳುಗಳನ್ನು ಉಳಿಸಿಕೊಂಡವನು ನಾಳೆ ಹೊಲದ ಬದುವಿನ ನೆರಳಿನಲ್ಲಿ ಹುಲ್ಲು, ಸಗಣಿಗಳ ದೊಡ್ಡ ಮಡಿಯನ್ನೂ ಧೈರ್ಯದಿಂದ ಕಟ್ಟಬಲ್ಲನು. ಅಂದು ಅವನು ಗದ್ದೆಯ ಹುಲ್ಲಿಗೆ ಬೆಂಕಿ ಇಡಲಾರನು.

ಸಿಮೆಂಟಿನ ತೊಟ್ಟಿ, ತಗಡಿನ ಚಪ್ಪರಗಳಿದ್ದರೆ ಮಾತ್ರ ಎರೆಗೊಬ್ಬರ ಸಾಧ್ಯವೆಂಬ ಭಾವನೆಯೂ ಸರಿಯಲ್ಲ. ಅನುಕೂಲವಂತರು ಅವನ್ನು ಕಟ್ಟಿಸಲಿ, ತಪ್ಪೇನಿಲ್ಲ. ಆದರೆ ಎರಡು ಎಕರೆಯ ಒಕ್ಕಲಿಗನು ತೊಟ್ಟಿಯ ಹಣಕ್ಕಾಗಿ ಕಾಯುತ್ತ ಕುಳಿತರೆ ಅವನ ಕಸವೂ ವ್ಯರ್ಥ, ಕಾಲವೂ ವ್ಯರ್ಥ. ಬಡವನ ಕೈಗೆ ಎಟುಕದ ವಿದ್ಯೆಯಿಂದ ನಾಡಿನ ನೆಲ ಉದ್ಧಾರವಾಗದು.

ನಮ್ಮ ನುಡಿಯಲ್ಲಿ ‘ಎರೆ’ ಎಂಬ ಮಾತು ಹುಳುವಿಗೂ ಸಲ್ಲುತ್ತದೆ, ಫಲವತ್ತಾದ ಕಪ್ಪು ನೆಲಕ್ಕೂ ಸಲ್ಲುತ್ತದೆ. ಒಂದೇ ಹೆಸರು ಹೊತ್ತ ಇವೆರಡನ್ನೂ ಅಗಲಿಸದೆ ಕಾಪಾಡುವುದು ನೆಲವನ್ನುಂಡು ಬದುಕುವ ನಮ್ಮ ಹೊಣೆ. ಮಣ್ಣು ನಮ್ಮ ಹಿರಿಯರು ಬಿಟ್ಟುಹೋದ ಆಸ್ತಿ ಮಾತ್ರವಲ್ಲ; ಮುಂದಿನವರಿಗೆ ನಾವು ಒಪ್ಪಿಸಬೇಕಾದ ಒಡವೆ. ಪಡೆದುದಕ್ಕಿಂತ ಬಡವಾಗಿಸಿ ಅದನ್ನು ಒಪ್ಪಿಸುವ ಅಧಿಕಾರ ಯಾರಿಗೂ ಇಲ್ಲ. ಹಿತ್ತಿಲಿನ ಮೂಲೆಯಲ್ಲಿ ಬೋರಲು ಬಿದ್ದಿರುವ ಹರವಿಯನ್ನು ಇಂದೇ ಎತ್ತಿ ನಿಲ್ಲಿಸೋಣ.