ಮಾಡು ಮೊದಲು, ಬಣ್ಣ ಆಮೇಲೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಮನೆ ರಿಪೇರಿ ಮಾಡಿ ನೋಡು ಎಂದು ಯಾರೂ ಹೇಳಲಿಲ್ಲ. ಅವರ ಕಾಲದಲ್ಲಿ ರಿಪೇರಿ ಎಂದರೆ ಮಳೆಗಾಲಕ್ಕೆ ಮುಂಚೆ ಒಡಕು ಹಂಚು ನಾಲ್ಕು ಬದಲಿಸಿ, ಗೋಡೆಗೆ ಒಂದು ಕೈ ಸುಣ್ಣ ಬಳಿಯುವುದು, ಅಷ್ಟೇ. ಈಗ ರಿಪೇರಿ ಎಂದು ಶುರುವಾದದ್ದು ಅರ್ಧ ಮನೆ ಕೆಡವಿ, ಸೊಸೈಟಿಯಲ್ಲಿ ಬಂಗಾರ ಅಡವಿಟ್ಟ ಮೇಲೂ ಮುಗಿಯುವುದಿಲ್ಲ.

ದೀಪಾವಳಿ ಕಳೆದರೆ ಸಾಕು, ಬೈಂದೂರಿನಿಂದ ಕುಂದಾಪುರಕ್ಕೆ ಬರುವ ಬಸ್ಸಿನಲ್ಲಿ, ಬ್ರಹ್ಮಾವರದ ಅಂಗಡಿ ಜಗಲಿಯಲ್ಲಿ ಇದೇ ಮಾತು. "ಹ್ವಾಯ್, ಆಚಿಮನಿಯವ್ರ್ ಸ್ಲಾಬ್ ಹಾಕಿರ್. ನಾವ್ ಹಾಕ್ದಿರೆ ಹ್ಯಾಂಗೆ? ಮದಿಗೆ ಜನ ಬತ್ರಲೆ!" ಮದುವೆಗೆ ಬಂದ ಜನ ಉಂಡು ಹೋಗುತ್ತಾರೆ. ಸಾಲದ ಕಂತು ಮಾತ್ರ ಮನೆಯಲ್ಲೇ ಉಳಿಯುತ್ತದೆ. ಬೊಂಬಾಯಿ, ಬೆಂಗಳೂರಿನ ಹೋಟೆಲುಗಳಲ್ಲಿ, ಗಲ್ಫಿನಲ್ಲಿ ದುಡಿಯುವ ಮಕ್ಕಳು ಕಳಿಸಿದ ಹಣ ಹೀಗೆ ಮುಂಬಾಗಿಲಿನ ಅಂದಕ್ಕೆ ಕರಗಿ, ಹಿಂಬಾಗಿಲಿನ ಬಚ್ಚಲು ಸೋರುತ್ತಲೇ ಇರುವ ಮನೆಗಳು ಊರೂರಲ್ಲಿವೆ. ಮೇಲೆಲ್ಲಾ ಥಳಕು, ಒಳಗೆಲ್ಲಾ ಹುಳುಕು.

ಈ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಇಂಥ ಮಳೆಗೆ ತಕ್ಕದ್ದೆಂದೇ ಇಳಿಜಾರಿನ ಮಾಡು ಬಂತು. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಮೊದಲ ಹಂಚಿನ ಕಾರ್ಖಾನೆ ತೆರೆದ ಮೇಲೆ ಮುಳಿ ಮಾಡುಗಳು ಹೋಗಿ ಹಂಚಿನ ಮಾಡುಗಳು ಎದ್ದವು. ಈಗ ಅದನ್ನು ಇಳಿಸಿ ಚಪ್ಪಟೆ ಸ್ಲಾಬ್ ಹಾಕಲಾಗುತ್ತಿದೆ. ಕೆಲವೇ ವರ್ಷಗಳಲ್ಲಿ ಸ್ಲಾಬ್ ಒಸರತೊಡಗಿ, ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದೆಸುವುದೂ ಕಾಣುತ್ತಿದೆ. ಅಂದರೆ ಒಂದು ಮನೆಗೆ ಎರಡು ಮಾಡು, ಎರಡು ಖರ್ಚು. ಇದ್ದ ಇಳಿಜಾರನ್ನು ಕೆಡವಿ ಮತ್ತೆ ಇಳಿಜಾರು ಕಟ್ಟಿದರೆ ಅದಕ್ಕೆ ಸುಧಾರಣೆ ಎನ್ನಬಹುದೇ?

ಇಳಿಸಿದ ಹಂಚಿಗೂ ಪಕಾಸು, ರೀಪುಗಳಿಗೂ ಗುಜರಿಯವನು ಹೇಳಿದ್ದೇ ಕ್ರಯ. ಕರಾವಳಿಯ ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿರುವಾಗ ಗಟ್ಟಿ ಹಳೆ ಹಂಚನ್ನು ಮಣ್ಣಿನ ಬೆಲೆಗೆ ಕೊಡುವುದು ಬುದ್ಧಿವಂತಿಕೆಯಲ್ಲ. ಬೆರಳಿನಲ್ಲಿ ತಟ್ಟಿದರೆ ಟಣ್ ಎನ್ನುವ ಹಂಚು ಇನ್ನೂ ಬಾಳಿಕೆಯದು. ಮಾಡಿನ 100 ಚದರಡಿಗೆ ಸುಮಾರು 150 ಹಂಚು ಬೇಕು. ಆ ಲೆಕ್ಕದಲ್ಲಿ 800 ಚದರಡಿ ಮಾಡಿಗೆ 1,200. ಒಡೆದದ್ದು ಎಷ್ಟು ಎಂದು ಎಣಿಸಿ ಅಷ್ಟನ್ನೇ ತಂದರೆ ಖರ್ಚು ಅಲ್ಲಿಗೇ ನಿಲ್ಲುತ್ತದೆ. ಹುಳ ಹಿಡಿದ ಪಕಾಸು ಮಾತ್ರ ಬದಲಿಸಿ, ಉಳಿದವಕ್ಕೆ ಗೇರೆಣ್ಣೆ ಹಚ್ಚಿದರೆ ಗೆದ್ದಲಿಗೆ ತಡೆ. ಗೇರುಬೀಜದ ಕಾರ್ಖಾನೆಗಳಿರುವ ಊರಲ್ಲಿ ಈ ಎಣ್ಣೆಗೆ ದೂರ ಹೋಗಬೇಕಾಗಿಲ್ಲ.

ಒಂದು ವಿಚಿತ್ರ ನೋಡಿ. ಹರ್ಕೂರಿನ ಒಳಗಿನಮನೆಯನ್ನು ವಿಜಯನಾಥ ಶೆಣೈಯವರು ಬಿಚ್ಚಿ ತಂದು ಮಣಿಪಾಲದ ಹಸ್ತಶಿಲ್ಪ ಪರಂಪರಾ ಗ್ರಾಮದಲ್ಲಿ ಮತ್ತೆ ನಿಲ್ಲಿಸಿದರು. ಅದನ್ನು ನೋಡಲು ಜನ ಟಿಕೆಟ್ ಕೊಟ್ಟು ಹೋಗುತ್ತಾರೆ, ಕೆತ್ತನೆ ಕಂಬದ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಮನೆಗೆ ಬಂದು ತಮ್ಮದೇ ಚಾವಡಿಯ ಕಂಬ ಕೀಳಿಸುತ್ತಾರೆ!

ಹಳೆ ಮನೆಯಲ್ಲಿ ಕಷ್ಟವೇ ಇಲ್ಲವೆಂದು ಇದರ ಅರ್ಥವಲ್ಲ. ಕತ್ತಲೆ ಅಡಿಗೆಮನೆಯಲ್ಲಿ ಹೊಗೆ ಕುಡಿದು ಬೇಯುವ ಹೆಂಗಸಿಗೆ, ರಾತ್ರಿ ಹೊತ್ತು ಅಂಗಳ ದಾಟಿ ಕಕ್ಕಸಿಗೆ ಹೋಗಬೇಕಾದ ಮುದುಕರಿಗೆ ಪರಂಪರೆಯ ಪಾಠ ಹೇಳುವುದು ಅನ್ಯಾಯ. ಆದರೆ ಆ ಕಷ್ಟಗಳಿಗೆ ಇಡೀ ಮನೆ ಕೆಡವಬೇಕಾಗಿಲ್ಲ. ಅಡಿಗೆಮನೆ ಮಾಡಿಗೆ ನಾಲ್ಕು ಗಾಜಿನ ಹಂಚು ಹಾಕಿದರೆ ಹಗಲಿಗೆ ದೀಪ ಬೇಡ. ಮನೆಗೆ ತಾಗಿಯೇ ಒಂದು ಕಕ್ಕಸು, ಬಚ್ಚಲು ಕಟ್ಟಿಸುವ ಖರ್ಚು ಸ್ಲಾಬಿನ ಖರ್ಚಿಗೆ ಹೋಲಿಸಿದರೆ ಏನೂ ಅಲ್ಲ.

ಕೈಯಲ್ಲಿರುವ ಹಣ ಕಡಿಮೆಯಾದಷ್ಟೂ ಕೆಲಸದ ಕ್ರಮ ಮುಖ್ಯ. ಮೊದಲು ಮಾಡು ಮತ್ತು ನೀರು ಹೋಗುವ ತೋಡು. ಎರಡನೆಯದು ವಯರಿಂಗ್. ತೇವ ಹಿಡಿದ ಗೋಡೆಯಲ್ಲಿ ಹಳೆ ವಯರು ಇದ್ದರೆ ಮಳೆಗಾಲದಲ್ಲಿ ಅದು ಯಮನ ಪಾಶವೇ. ಲೈಸೆನ್ಸ್ ಇರುವ ವಯರ್‌ಮನ್‌ನಿಂದ ಅರ್ತಿಂಗ್ ಮಾಡಿಸಿ, ಕರೆಂಟು ಸೋರಿದರೆ ತಾನಾಗಿ ಕಡಿಯುವ ಸ್ವಿಚ್ಚು ಹಾಕಿಸುವುದಕ್ಕೆ ಚಾವಡಿಯ ಹೊಸ ಸೀಲಿಂಗಿನಷ್ಟು ಖರ್ಚಾಗದು. ಮೂರನೆಯದು ಕಕ್ಕಸು, ಬಚ್ಚಲು, ಅಡಿಗೆಮನೆ. ನಾಲ್ಕನೆಯದು ನೆಲ. ಹಣ ಉಳಿದರೆ ಮಾತ್ರ ಬಣ್ಣ, ಪರದೆ, ಶೋಕೇಸು. ಈಗ ಆಗುತ್ತಿರುವುದು ಇದಕ್ಕೆ ತದ್ವಿರುದ್ಧ. ಒಸರುವ ಗೋಡೆಗೆ ದುಬಾರಿ ಪೇಂಟು ಬಳಿದು, ಆಟಿ ತಿಂಗಳಲ್ಲಿ ಅದು ಸಿಪ್ಪೆ ಏಳುವಾಗ ಅಂಗಡಿಯವನಿಗೆ ಬೈಯುವುದು.

ಬಣ್ಣಕ್ಕೂ ಲೆಕ್ಕವಿದೆ. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಗೆ ಗೋಡೆ 440 ಚದರಡಿ. ಅದರಲ್ಲಿ ಬಾಗಿಲು, ಕಿಟಕಿ ಕಳೆಯಬೇಕು. ಈ ಅಳತೆ ಚೀಟಿಯಲ್ಲಿ ಬರೆದುಕೊಂಡು ಹೋದವನಿಗೆ ಡಬ್ಬಿ ಹೆಚ್ಚಾಗುವುದಿಲ್ಲ. ಮುರಕಲ್ಲಿನ ಹಳೆ ಗೋಡೆಗೆ ಸುಣ್ಣವೇ ಸಾಕು. ತೇವ ಹೊರಗೆ ಹೋಗಲು ಅದು ದಾರಿ ಬಿಡುತ್ತದೆ, ಕಿಸೆಗೂ ಹಗುರ. ಅಜ್ಜನ ಕಾಲದ ಕಾವಿ ನೆಲ ಬಿರುಕು ಬಿಟ್ಟಿದ್ದರೆ ಬಿರುಕು ಮುಚ್ಚಿಸಿ ಉಜ್ಜಿಸಬಹುದು.

ಮೇಸ್ತ್ರಿಯ ಬಾಯಿಮಾತಿನ ಅಂದಾಜು ನಂಬಿ ಕೆಲಸ ಶುರುಮಾಡಬಾರದು. ಸಾಮಾನು ಎಷ್ಟು, ಕೂಲಿ ಎಷ್ಟು, ಎಂದಿಗೆ ಮುಗಿಯಬೇಕು ಎಂಬುದು ಕಾಗದದಲ್ಲಿ ಇರಲಿ. ಅದರ ಮೇಲೆ ನೂರಕ್ಕೆ ಹತ್ತು ಬದಿಗಿಡಲಿ, ಗೋಡೆ ಒಡೆದ ಮೇಲೆ ಏನು ಕಾಣುತ್ತದೆಂದು ದೇವರಿಗೇ ಗೊತ್ತು. ಕುಂದಾಪುರ ಶಾಸ್ತ್ರಿ ಸರ್ಕಲಿನ ಫ್ಲೈಓವರ್ ವರ್ಷಗಟ್ಟಲೆ ಅರ್ಧದಲ್ಲಿ ನಿಂತದ್ದನ್ನು ಊರೇ ನೋಡಿದೆ. ಅದು ಸರಕಾರದ ಕೆಲಸ, ನಿಂತರೂ ತಾಳಿತು. ಬಡವನ ಮನೆ ಮಾಡಿಲ್ಲದೆ ಜೂನ್‌ಗೆ ಸಿಕ್ಕಿದರೆ ತಾಳುವುದುಂಟೇ?

ವ್ಯಾಪಾರಿಗಳಿಗೂ ಇದರಲ್ಲಿ ಪಾಲಿದೆ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ನೂರಕ್ಕೆ 28ರಿಂದ 18ಕ್ಕೆ ಇಳಿದಿದೆ. ಇಳಿದದ್ದು ಗಿರಾಕಿಯ ಬಿಲ್ಲಿನಲ್ಲೂ ಕಾಣಬೇಕು. ಬಿಲ್ಲು ಕೇಳುವುದು ಗಿರಾಕಿಯ ಹಕ್ಕು, ಕೊಡುವುದು ಅಂಗಡಿಗೆ ಗೌರವ. ಬೇಡದ ಸಾಮಾನು ಹೊರಿಸಿ ಉದ್ರಿ ಬರೆದರೆ ಆ ಉದ್ರಿ ಬರುವುದೂ ಕಷ್ಟ ಎಂಬುದು ಅನುಭವಿ ಅಂಗಡಿಯವರಿಗೆ ಗೊತ್ತೇ ಇದೆ.

ಪಂಚಾಯತುಗಳು ಏನು ಮಾಡುತ್ತಿವೆ? ರಿಪೇರಿ ಸಾಲಕ್ಕೆ ಬ್ಯಾಂಕಿಗೆ ಹೋದವನಿಗೆ 9 ಮತ್ತು 11ರ ನಮೂನೆ ತನ್ನಿ ಎನ್ನುತ್ತಾರೆ. ಅದಕ್ಕಾಗಿ ದಿನಗೂಲಿ ಬಿಟ್ಟು ಅಲೆದಾಟ. 2018ರಲ್ಲಿ ಬೈಂದೂರು, ಬ್ರಹ್ಮಾವರ ಬೇರೆ ತಾಲೂಕುಗಳಾದವು. ಕಚೇರಿ ಹತ್ತಿರ ಬಂದದ್ದಕ್ಕೆ ಜನರ ಕೆಲಸವೂ ಬೇಗ ಆಗಬೇಡವೇ? ಮಳೆ ನಿಂತ ಮೇಲೆ ವರ್ಷಕ್ಕೊಂದು ದಿನ ಪಂಚಾಯತ್ ಕಚೇರಿಯಲ್ಲಿ ಇಂಜಿನಿಯರ್ ಒಬ್ಬರು ಕುಳಿತು ಹಳೆ ಮನೆಗಳಿಗೆ ಸಲಹೆ ಕೊಡಲಿ. ಲೈಸೆನ್ಸ್ ಇರುವ ವಯರ್‌ಮನ್‌ಗಳ ಪಟ್ಟಿ ಬೋರ್ಡಿನಲ್ಲಿ ಹಾಕಲಿ. ಇದಕ್ಕೆ ದೊಡ್ಡ ಅನುದಾನ ಬೇಡ, ಮನಸ್ಸು ಸಾಕು.

ಮನೆಯವರೂ ಆಚೆಮನೆಯ ಸ್ಲಾಬು ನೋಡುವುದು ಬಿಟ್ಟು ತಮ್ಮ ಮಾಡು ನೋಡಲಿ. ಮೊದಲ ಮಳೆಗೆ ಪಾತ್ರೆ ಇಡಬೇಕಾಗದ ಮನೆಯೇ ಚಂದದ ಮನೆ.