ಹೊವಾರ್ಡ್: ಗೆಲುವೇ ಒಡ್ಡಿದ ಪ್ರಶ್ನೆ

ಹಾರ್ವರ್ಡ್ ವಿಶ್ವವಿದ್ಯಾಲಯದ ಹೆಸರು ನಮ್ಮ ಮಧ್ಯಮವರ್ಗಕ್ಕೆ ಸುಪರಿಚಿತ. ಹೊವಾರ್ಡ್ ಅಷ್ಟಾಗಿ ಅಲ್ಲ. 2024ರ ನವೆಂಬರ್‌ನಲ್ಲಿ ಕಮಲಾ ಹ್ಯಾರಿಸ್ ಅಧ್ಯಕ್ಷೀಯ ಚುನಾವಣೆಯ ಸೋಲನ್ನು ಒಪ್ಪಿಕೊಂಡು ಮಾತನಾಡಿದ್ದು ತಾವು ಓದಿದ ಈ ವಿಶ್ವವಿದ್ಯಾಲಯದ ಅಂಗಳದಲ್ಲಿಯೇ. ಅಮೆರಿಕದ ಚರಿತ್ರೆಯಲ್ಲಿ ಹೊವಾರ್ಡ್‌ನ ಹೆಸರು ಉಳಿದಿರುವುದಾದರೋ ಬೇರೊಂದು ಮಹತ್ತರ ಗೆಲುವಿನಿಂದ.

ಅಂತರ್ಯುದ್ಧ ಮುಗಿದು, ಗುಲಾಮಗಿರಿ ರದ್ದಾದ ಎರಡೇ ವರ್ಷಗಳಲ್ಲಿ, 1867ರಲ್ಲಿ, ಸಂಸತ್ತಿನ ಸನ್ನದಿನ ಮೂಲಕ ವಾಷಿಂಗ್ಟನ್‌ನಲ್ಲಿ ಈ ಸಂಸ್ಥೆ ಸ್ಥಾಪನೆಯಾಯಿತು. 1926ರಲ್ಲಿ ಅಧ್ಯಕ್ಷರಾದ ಮೊರ್ಡೆಕಾಯ್ ಜಾನ್ಸನ್ ಅದಕ್ಕೆ ಹೊಸ ಚೈತನ್ಯ ತುಂಬಿದರು. ಭಾರತ ಪ್ರವಾಸದಿಂದ ಮರಳಿದ ಬಳಿಕ ಗಾಂಧೀಜಿಯವರ ಕುರಿತು ಅವರು ಮಾಡಿದ ಭಾಷಣವೇ ಯುವಕ ಮಾರ್ಟಿನ್ ಲೂಥರ್ ಕಿಂಗ್‌ರನ್ನು ಗಾಂಧಿ ಸಾಹಿತ್ಯದತ್ತ ಸೆಳೆಯಿತು. ಜಾನ್ಸನ್‌ರ ಕಾಲದಲ್ಲಿಯೇ ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್ ಸಂಜೆ ತರಗತಿಗಳ ಕಾನೂನು ಕಾಲೇಜನ್ನು ಪೂರ್ಣಾವಧಿಯ ಮಾನ್ಯತೆ ಪಡೆದ ಶಾಲೆಯಾಗಿ ಮಾರ್ಪಡಿಸಿದರು. ಬಣ್ಣದ ಕಾರಣಕ್ಕೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ್ದರಿಂದ ಹೊವಾರ್ಡ್‌ಗೆ ಬಂದ ಥರ್ಗುಡ್ ಮಾರ್ಷಲ್ 1933ರಲ್ಲಿ ಪ್ರಥಮ ಸ್ಥಾನದೊಂದಿಗೆ ತೇರ್ಗಡೆಯಾದರು. ಗುರು–ಶಿಷ್ಯರಿಬ್ಬರೂ ಸೇರಿ, ಮತ್ತೊಬ್ಬ ಕಪ್ಪು ವಿದ್ಯಾರ್ಥಿಯ ಪರವಾಗಿ ಅದೇ ಮೇರಿಲ್ಯಾಂಡ್ ವಿರುದ್ಧ ವಾದಿಸಿ 1936ರಲ್ಲಿ ಅಂತಿಮ ಜಯ ಪಡೆದರು. 1954ರ ಬ್ರೌನ್ ತೀರ್ಪು ಶಾಲೆಗಳಲ್ಲಿನ ವರ್ಣ ವಿಂಗಡಣೆಯನ್ನು ಅಸಾಂವಿಧಾನಿಕವೆಂದು ಸಾರಿದಾಗ ಮಾರ್ಷಲ್ ಅದರ ಮುಂಚೂಣಿಯಲ್ಲಿದ್ದರು. ಹ್ಯೂಸ್ಟನ್ 1950ರಲ್ಲೇ ತೀರಿಕೊಂಡಿದ್ದರು.

ವಿಪರ್ಯಾಸವೆಂದರೆ, ಈ ಗೆಲುವೇ ಹೊವಾರ್ಡ್‌ನಂಥ ಸಂಸ್ಥೆಗಳ ಅಸ್ತಿತ್ವವನ್ನು ಪ್ರಶ್ನೆಗೊಳಪಡಿಸಿತು. ಎಲ್ಲ ಬಾಗಿಲುಗಳೂ ತೆರೆದ ಮೇಲೆ ಪ್ರತ್ಯೇಕ ಕಪ್ಪು ವಿದ್ಯಾಲಯಗಳೇಕೆ ಎಂಬ ಮಾತು ಅಂದಿನಿಂದಲೂ ಕೇಳಿಬರುತ್ತಿದೆ. ಇದಕ್ಕೆ 2023 ಎರಡು ಉತ್ತರಗಳನ್ನು ಒದಗಿಸಿತು. ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವ ಹಾರ್ವರ್ಡ್‌ನ ಪದ್ಧತಿಯನ್ನು ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಸೆಪ್ಟೆಂಬರ್‌ನಲ್ಲಿ, 16 ರಾಜ್ಯಗಳು ಮೂರು ದಶಕಗಳಲ್ಲಿ ತಮ್ಮ ಕಪ್ಪು ಭೂದಾನಿತ ವಿಶ್ವವಿದ್ಯಾಲಯಗಳಿಗೆ 1,200 ಕೋಟಿ ಡಾಲರ್‌ಗೂ ಹೆಚ್ಚು ಕಡಿಮೆ ಅನುದಾನ ನೀಡಿವೆ ಎಂದು ಬೈಡನ್ ಸರ್ಕಾರವೇ ರಾಜ್ಯಪಾಲರಿಗೆ ಬರೆಯಿತು. ಅಂದರೆ, ತೆರೆದ ಬಾಗಿಲು ಮತ್ತೆ ಕಿರಿದಾಗಿದೆ. ಪರ್ಯಾಯ ಬಾಗಿಲಿಗೆ ದಶಕಗಳಿಂದ ಹಣವಿಲ್ಲ.

ಹೀಗಿರುವಾಗಲೂ 2025ರ ಕಾರ್ನೆಗಿ ವರ್ಗೀಕರಣದಲ್ಲಿ ಉನ್ನತ ಸಂಶೋಧನಾ ಶ್ರೇಣಿಗೇರಿದ ಏಕೈಕ ಚಾರಿತ್ರಿಕ ಕಪ್ಪು ವಿಶ್ವವಿದ್ಯಾಲಯ ಹೊವಾರ್ಡ್. ಈ ಸಾಧನೆ ಸಂತೋಷದ ಸಂಗತಿ. ಅದು ಏಕೈಕವಾಗಿರುವುದು ಆತ್ಮಾವಲೋಕನದ ಸಂಗತಿ. ಪ್ರವೇಶದ ಹಕ್ಕನ್ನು ನ್ಯಾಯಾಲಯ ಕೊಡಬಲ್ಲದು, ಕಸಿದುಕೊಳ್ಳಲೂಬಲ್ಲದು. ಆ ಹಕ್ಕಿಗಾಗಿ ವಾದಿಸಬಲ್ಲವರನ್ನು ರೂಪಿಸಲು ಮಾತ್ರ ಒಂದು ವಿದ್ಯಾಲಯವೇ ಬೇಕು.