ಹೂಳಾಗಿ ಹೋದ ಹೊಲ

2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟು ಕೊಚ್ಚಿಹೋದಾಗ, ಹರಿದುಹೋದ ನೀರಿಗಾಗಿ ನಾಡೆಲ್ಲ ಮರುಗಿತು. ಮರುಗಬೇಕಾದದ್ದೇ. ಆದರೆ ಆ ಜಲಾಶಯ ಸದ್ದಿಲ್ಲದೆ ಕಳೆದುಕೊಂಡಿರುವುದರ ಲೆಕ್ಕ ಬೇರೆ. 1953ರಲ್ಲಿ ಸುಮಾರು 133 ಟಿ.ಎಂ.ಸಿ. ನೀರಿಗೆ ಅಲ್ಲಿ ಎಡೆಯಿತ್ತು. ಈಗ ಸುಮಾರು 105ಕ್ಕೆ ಮಾತ್ರ. ಉಳಿದೆಡೆಯಲ್ಲಿ ಹೂಳು ಕುಳಿತಿದೆ.

ಹೂಳೆಂಬ ಮಾತು ನನಗೇಕೋ ಒಗ್ಗದು. ಅದು ಬಿಟ್ಟುಬಂದ ನೆಲದಲ್ಲಿ ಅದರ ಹೆಸರು ಮೇಲ್ಮಣ್ಣು. ಅದರಲ್ಲಿ ಮಲೆನಾಡಿನ ಪಾಲೂ ಉಂಟು, ನಿಜ. ಆದರೆ ಮುಂಡರಗಿ ಸೀಮೆಯ ಎರೆಹೊಲಗಳನ್ನು ನೋಡಿ: ಹಿಂಗಾರಿ ಜೋಳಕ್ಕೆಂದು ಮುಂಗಾರಿನಲ್ಲೆಲ್ಲ ನೆಲವನ್ನು ಬರಿದೇ ಬಿಡುವುದು ಹಳೆಯ ರೂಢಿ. ಎರೆಮಣ್ಣು ಮೊದಲ ಮಳೆಯನ್ನು ಬಿರುಕುಗಳಲ್ಲಿ ಕುಡಿಯುತ್ತದೆ. ನೆನೆದು ಉಬ್ಬಿ ಬಿರುಕು ಮುಚ್ಚಿದ ಮೇಲೆ ಕುಡಿಯಲೊಲ್ಲದು. ಆಮೇಲಿನ ಬಿರುಮಳೆ ಇಳಿಜಾರು ಹಿಡಿದು ಹಳ್ಳಕ್ಕೋಡುವಾಗ ಸಾರವುಳ್ಳ ಸಣ್ಣ ಕಣಗಳನ್ನೇ ಮೊದಲು ಹೊತ್ತೊಯ್ಯುತ್ತದೆ.

ಕಳೆದ ಎಡೆಗೆ ಬದಲಾಗಿ ನವಲಿಯಲ್ಲಿ ಸಮತೋಲನ ಜಲಾಶಯದ ಪ್ರಸ್ತಾಪವಿದೆ. ಅದು ನೀರನ್ನು ಹಿಡಿದೀತು, ಮಣ್ಣನ್ನಲ್ಲ. ಮಣ್ಣನ್ನು ಹಿಡಿಯುವುದು ಹೊಲದ ಒಡ್ಡು, ವರ್ಷವರ್ಷವೂ ಅದರ ದುರಸ್ತಿ. ಒಡ್ಡನ್ನು ಒಮ್ಮೆ ಸರಕಾರ ಹಾಕಿಸಿಕೊಟ್ಟದ್ದುಂಟು. ದುರಸ್ತಿ ಮಾತ್ರ ಒಣಬೇಸಾಯದವನ ಪಾಲಿಗೆ. ಅವನ ಒಡ್ಡಿನಿಂದ ಜಲಾಶಯದಲ್ಲಿ ಉಳಿಯುವ ಎಡೆಯ ಫಲ ಕಾಲುವೆಯ ಕೆಳಗಿನ ಭತ್ತದ ಗದ್ದೆಗೆ. ಆ ಗದ್ದೆಯವರು ಈ ಖರ್ಚಿನಲ್ಲಿ ಪಾಲುಗೊಳ್ಳಬೇಡವೆ?